ತೆರೆದದ್ದನ್ನು ಮುಚ್ಚಿದ ಮರಿಸ್ವಾಮಿ

ಒಂದೂರು. ಊರ ಹೆಸರು ಕೇಳಬೇಡಿ, ಅವನಿನ್ನೂ ಅಲ್ಲೇ ಇದ್ದಾನೆ. ಹೆಸರು ಹೇಳಿದರೆ ನೀವು ನೋಡೋಕೆ ಅಂತ ಹೊರಡ್ತೀರಿ, ಅವನ ತಾಯಿಗೆ ಇನ್ನೊಂದು ತಲೆನೋವು.

ತಾಯಿ ಶಿವನಂಜಮ್ಮ. ಮದುವೆ, ನಾಮಕರಣ, ಗೃಹಪ್ರವೇಶ, ಆ ಊರಲ್ಲಿ ಎಲ್ಲಿ ಎಲೆ ಹಾಕಿದರೂ ಒಲೆ ಮುಂದೆ ಅವಳೇ. ಐನೂರು ಜನಕ್ಕೆ ಅಡುಗೆ ಮಾಡಮ್ಮ ಅಂದರೂ ಹೆದರೋಳಲ್ಲ. ಅವಳು ಹೆದರುತ್ತಿದ್ದದ್ದು ಒಬ್ಬನಿಗೇ, ಹೆತ್ತ ಮಗನಿಗೆ. ಮಗ ಮರಿಸ್ವಾಮಿ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. ಕೆಟ್ಟವನಾ? ಅಲ್ಲ. ಸೋಮಾರಿಯಾ? ಅದೂ ಅಲ್ಲ. ಹೇಳಿದ್ದನ್ನು ಮಾಡ್ತಿದ್ದ. ಅಯ್ಯೋ, ಕಷ್ಟ ಇದ್ದದ್ದೇ ಅಲ್ಲಿ! ಹೇಳಿದ್ದನ್ನು ಹೇಳಿದ ಹಾಗೇ ಮಾಡ್ತಿದ್ದ.

"ನಾನು ಹೋದ ಮೇಲೆ ನಿನಗೆ ಒಂದು ತುತ್ತು ಅನ್ನ ಯಾರೋ ಹಾಕ್ತಾರೆ?" ಅಂತ ತಾಯಿ ಗೋಳಾಡಿದರೆ, "ನೀನೇ ಹಾಕಿಟ್ಟು ಹೋಗವ್ವ" ಅಂತಿದ್ದ.

ಇವನಿಗೊಂದು ಕೆಲಸ ಅಂತ ಆಗಿಬಿಟ್ಟರೆ ಸಾಕು ಅನ್ನೋದು ಶಿವನಂಜಮ್ಮನ ಒಂದೇ ಆಸೆ. ಅವಳ ತಮ್ಮ ರೇವಣ್ಣ ಪಕ್ಕದ ಬೀದೀಲೇ ಒಂದು ಕೋಣೆ ಮಾಡ್ಕೊಂಡು ಹಗಲೆಲ್ಲಾ ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದ. ಅವನ ಕೈಕಾಲು ಹಿಡಿದಳು.

"ಅಕ್ಕಾ, ನಂದು ನಾಜೂಕು ಕೆಲಸ" ಅಂದ ರೇವಣ್ಣ. "ಪುಸ್ತಕ ಮಾಡೋರು ಬರಹದೊಳಗೆ ಗುರುತು ಹಾಕ್ತಾರೆ. ಇಲ್ಲಿಂದ ಅಧ್ಯಾಯ ಶುರು, ಇಲ್ಲಿಗೆ ಮುಗೀತು. ಇಲ್ಲಿಂದ ಪದ್ಯ ಶುರು, ಇಲ್ಲಿಗೆ ಮುಗೀತು. ಆ ಗುರುತೆಲ್ಲಾ ಕ್ರಮವಾಗಿದೆಯಾ ಅಂತ ಓದಿ ಹೇಳೋ ಸಾಮಾನು ನಾನು ಮಾಡ್ತಿರೋದು. ಬೇರೆಯವರು ಅದನ್ನ ತಗೊಂಡು ತಮ್ಮ ಪ್ರೋಗ್ರಾಮಿಗೆ ಸೇರಿಸ್ಕೋಬಹುದು. ಅದಕ್ಕೆ ಲೈಬ್ರರಿ ಅಂತಾರೆ."

"ಅದ್ಯಾವ ಲೈಬ್ರರಿಯಪ್ಪಾ, ಒಂದು ಪುಸ್ತಕನೂ ಕಾಣಲ್ಲ! ಹೋಗ್ಲಿ, ಇವನಿಗೆ ಗುಡಿಸೋದು ಒರೆಸೋದಾದ್ರೂ ಕೊಡೋ."

ರೇವಣ್ಣನಿಗೆ ಅಕ್ಕನ ಮೇಲೆ ಮರುಕ. "ಆಗ್ಲಿ. ಸ್ವಲ್ಪ ದಿನ ನೋಡ್ತೀನಿ. ಪುಸ್ತಕ ಸಂಘದೋರು ನನ್ನ ಸಾಮಾನು ನೋಡೋಕೆ ಬರ್ತಾರೆ, ಅವರು ಒಪ್ಪೋ ಹೊತ್ತಿಗೆ ಇವನು ನೆಟ್ಟಗಿದ್ರೆ ಕಾಯಂ ಮಾಡ್ಕೋತೀನಿ" ಅಂದ. ಆಮೇಲೆ ಅಳಿಯನನ್ನ ಕೂರಿಸ್ಕೊಂಡು ಮೊದಲನೇ ದಿನದ ಪಾಠ ಹೇಳಿದ: "ನೋಡೋ, ತೆರೆದದ್ದನ್ನು ಮುಚ್ಚಬೇಕು. ಒಳಗಿನದು ಒಳಗೇ ಇರಬೇಕು. ಮುಚ್ಚಿದ ಮೇಲೆ ಮುಗೀತು. ಇಷ್ಟು ತಿಳಿದ್ರೆ ನಮ್ಮ ಕೆಲಸ ಅರ್ಧ ಬಂದ ಹಾಗೆ."

"ತೆರೆದದ್ದನ್ನು ಮುಚ್ಚಬೇಕು, ತೆರೆದದ್ದನ್ನು ಮುಚ್ಚಬೇಕು" ಅಂತ ಬಾಯಿಪಾಠ ಮಾಡ್ಕೊಂಡು ಮರಿಸ್ವಾಮಿ ಮನೆಗೆ ಬಂದ.

ಮಾರನೇ ದಿನ ಒಂದು ನಾಮಕರಣ. ಎಲೆ ಹಾಕಿದೆ, ಜನ ಕೂತಿದೆ. "ಮರೀ, ಅನ್ನದ ಹಂಡೆ ಮುಚ್ಚಳ ತೆಗಿಯೋ" ಅಂದಳು ತಾಯಿ. ತೆಗೆದ. ತೆಗೆದೋನು ಮುಚ್ಚಿದ. ಬಡಿಸೋರು ಸೌಟು ಹಿಡ್ಕೊಂಡು ಬಂದರು, ಮುಚ್ಚಿದೆ. "ತೆಗಿಯೋ!" ತೆಗೆದ, ಮುಚ್ಚಿದ. "ತೆಗಿಯೋ!" ತೆಗೆದ, ಮುಚ್ಚಿದ. ಮೂರನೇ ಸಲ ಬಡಿಸೋನ ಕೈಬೆರಳೂ ಹಂಡೆ ಒಳಗೇ ಸಿಕ್ಕೊಂಡಿತು. ಅವನು ಬಾಯಿ ಬಡ್ಕೊಂಡ, ಮಗುವಿಗೆ ಇಟ್ಟ ಹೆಸರು ಯಾರಿಗೂ ಕೇಳಿಸಲಿಲ್ಲ.

"ಅಯ್ಯೋ ಮಂಕುದಿಣ್ಣೆ!" ಅಂತ ಶಿವನಂಜಮ್ಮ ಹಣೆ ಚಚ್ಚಿಕೊಂಡಳು. "ತೆಗೆದ ಮೇಲೆ ಒಳಗಿರೋದು ಖಾಲಿ ಆಗೋಗಂಟ ಮುಚ್ಚಬಾರದು ಕಣೋ! ತಿಳೀತಾ?"

"ತಿಳೀತವ್ವ. ಖಾಲಿ ಆಗೋಗಂಟ ಮುಚ್ಚಬಾರದು."

ತಿಳೀತಂತೆ! ಮಾರನೇ ದಿನ ಮಾವ, "ಒಂದು ಬಾಟ್ಲಿ ನೀರು ಹಿಡ್ಕೊಂಡು ಬಾರೋ" ಅಂದ. ಹೋದ, ನಲ್ಲಿ ತಿರುಗಿಸಿದ. ಬಾಟ್ಲಿ ತುಂಬಿತು. ಟ್ಯಾಂಕು ಖಾಲಿ ಆಗಿಲ್ವಲ್ಲ! ನಿಂತ. ಬಚ್ಚಲು ತುಂಬಿತು. ನಿಂತ. ನೀರು ಹೊಸ್ತಿಲು ದಾಟಿತು, ಕೋಣೆಗೆ ಬಂತು, ಕಂಪ್ಯೂಟರಿನ ವೈರು ಮುಟ್ಟಿತು. ಚಟ್ ಅಂತು, ಕರೆಂಟು ಹೋಯ್ತು, ಬೆಳಗಿಂದ ರೇವಣ್ಣ ಬರೆದದ್ದೆಲ್ಲಾ ಅದರ ಜೊತೆ ಹೋಯ್ತು.

"ಯಾಕೋ ನಲ್ಲಿ ನಿಲ್ಲಿಸಲಿಲ್ಲ?"

"ಖಾಲಿ ಆಗೋಗಂಟ ಮುಚ್ಚಬಾರದಂತೆ, ಅವ್ವ ಹೇಳವ್ಳೆ. ಇನ್ನೇನು ಸ್ವಲ್ಪ ಉಳಿದೈತೆ ಮಾವ."

"ಏನೂ ಮುಟ್ಟಬೇಡ!" ಅಂತ ಕಿರುಚಿದ ರೇವಣ್ಣ, ಪಂಚೆ ಎತ್ತಿ ಕಟ್ಟಿ ಕುರ್ಚಿ ಮೇಲೆ ನಿಂತುಕೊಂಡು. "ನಾನು ಪ್ರೋಗ್ರಾಮು ಬರೆಯೋ ಭಾಷೆಯ ಪದ್ಧತೀನೇ ಕಲಿಯೋ! ಅಲ್ಲಿ ಎಲ್ಲವೂ ಗಿರಣಿ ಇದ್ದ ಹಾಗೆ, ಒಂದು ಕಡೆ ಹಾಕಿದ್ರೆ ಇನ್ನೊಂದು ಕಡೆ ಬರುತ್ತೆ. ಆದ್ರೆ ಹಾಕಿದ್ದು ಹಾಕಿದ ಹಾಗೇ ಉಳಿಯುತ್ತೆ! ಕೊಟ್ಟದ್ದನ್ನ ಯಾರೂ ಮುಟ್ಟಲ್ಲ, ಕೆಡಿಸಲ್ಲ. ಅದನ್ನ ನೋಡ್ಕೊಂಡು ಬೇರೆ ಹೊಸದು ಮಾಡಿ ಕೊಡ್ತಾರೆ!"

"ಕೊಟ್ಟದ್ದನ್ನು ಮುಟ್ಟಬಾರದು, ಬೇರೆ ಮಾಡಿ ಕೊಡಬೇಕು" ಅಂತ ಅದನ್ನೂ ಬಾಯಿಪಾಠ ಮಾಡ್ಕೊಂಡ.

ಮನೇಲಿ ತಾಯಿ ಒಂದು ಮಂಕರಿ ಬದನೆಕಾಯಿ ಮುಂದಿಟ್ಟು, "ಇದನ್ನ ಹೆಚ್ಚಿಡು, ನಾನು ಸ್ನಾನ ಮಾಡಿ ಬರ್ತೀನಿ" ಅಂದು ಹೋದಳು. ಬಂದು ನೋಡ್ತಾಳೆ, ಮಂಕರಿ ಬದನೆಕಾಯಿ ಮಂಕರೀಲೇ ಇದೆ. ಪಕ್ಕದಲ್ಲಿ ಹೆಚ್ಚಿದ ಬದನೆಕಾಯಿ ಗುಡ್ಡೆ ಬಿದ್ದಿದೆ. "ಇದು ಎಲ್ಲೀದೋ?" ಅಂತ ಕೇಳೋದೇ ಬೇಕಾಗಲಿಲ್ಲ. ಬೇಲಿ ಆಚೆಯಿಂದ ಪಕ್ಕದ ಮನೆ ಸಾಕಮ್ಮನ ದನಿ ಬಂತು: "ಯಾವನೋ ಅವನು, ನನ್ನ ಹಿತ್ತಲ ಗಿಡವೆಲ್ಲಾ ಬೋಳಿಸಿದೋನು! ಅವನ ಕೈ ಸೇದಿಹೋಗ!"

ಶಿವನಂಜಮ್ಮನಿಗೆ ಅಳು ಬಂತು, ಸಿಟ್ಟು ಬಂತು, ಎರಡೂ ಒಟ್ಟಿಗೇ ಬಂತು. ಮಂಕರಿ ಬದನೆಕಾಯಿ ಸಾಕಮ್ಮನಿಗೆ ಕೊಟ್ಟು ಕೈಮುಗಿದು ಬಂದಳು. ಬಂದು ಹೇಳಿದಳು, "ಲೋ, ನಿನ್ನ ದಮ್ಮಯ್ಯ. ಇನ್ಮೇಲೆ ನೀನಾಗಿ ಏನೂ ಮಾಡಬ್ಯಾಡ. ಯಾರಾದ್ರೂ ಕೇಳಿದ್ರೆ ಮಾಡು, ಕೇಳೋಗಂಟ ಕೈಕಟ್ಕೊಂಡು ಕೂತ್ಕೋ."

ಸುಲಭದ ಮಾತು, ಇದರಲ್ಲಿ ಏನು ತಪ್ಪು ಮಾಡ್ತಾನೆ ಅಂತೀರಾ? ನೀವು ಮರಿಸ್ವಾಮೀನ ನೋಡಿಲ್ಲ.

ಮಾರನೇ ದಿನ ರೇವಣ್ಣ ಕ್ಷೌರಕ್ಕೆ ಅಂತ ಆಚೆ ಹೋದ. ಕಿಟಕಿಯಿಂದ ಒಂದು ಕೋತಿ ಒಳಗೆ ಬಂತು. ಮೇಜಿನ ಮೇಲಿದ್ದ ಬಾಳೆಹಣ್ಣು ತಿಂತು. ಸಿಪ್ಪೆ ಎಸೀತು. ಕೀಬೋರ್ಡು ತೊಡೆ ಮೇಲೆ ಇಟ್ಕೊಂಡು ಒಂದೊಂದೇ ಗುಂಡಿ ಕಿತ್ತು, ಕಡಿದು ನೋಡಿ, ಉಗೀತು. ಮರಿಸ್ವಾಮಿ ಎದುರಿಗೇ ಕೈಕಟ್ಕೊಂಡು ಕೂತಿದ್ದ. ಕೋತಿ ಅವನನ್ನ ನೋಡ್ತು, ಅವನು ಕೋತೀನ ನೋಡ್ದ.

ರೇವಣ್ಣ ನುಣ್ಣಗೆ ಗಡ್ಡ ಹೆರೆಸ್ಕೊಂಡು ಬಂದು ಬಾಗಿಲಲ್ಲೇ ನಿಂತ. "ಅಯ್ಯಯ್ಯೋ! ಯಾವಾಗ ಬಂತೋ ಇದು?"

"ಕೇಳಿದ್ರಲ್ಲ, ಹೇಳ್ತೀನಿ ಮಾವ. ನೀವು ಆ ಕಡೆ ಹೋದ್ರಿ, ಇದು ಈ ಕಡೆಯಿಂದ ಬಂತು."

"ಓಡಿಸೋಕೆ ಏನಾಗಿತ್ತು ನಿಂಗೆ!"

"ಯಾರೂ ಕೇಳಲಿಲ್ಲ ಮಾವ."

"ಕೇಳೋವರೆಗೆ ಸುಮ್ಮನಿರೋದು ನನ್ನ ಕಂಪ್ಯೂಟರಿನ ಭಾಷೆ ಕಣೋ, ಮನುಷ್ಯರಲ್ಲ!" ಅಂದ ರೇವಣ್ಣ. "ಕಿವಿಗೊಟ್ಟು ಕೇಳು. ಎಲ್ಲದಕ್ಕೂ ಒಂದು ಕಟ್ಟಳೆ ಇರುತ್ತೆ. ನಿಮ್ಮವ್ವ ಎಲೆಗೆ ಮೊದಲು ಉಪ್ಪು ಹಾಕಿಸ್ತಾಳೆ, ಆಮೇಲೆ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ. ಬರಹಕ್ಕೂ ಹಾಗೇ. ಕಟ್ಟಳೇಲಿ ಇಲ್ಲದ್ದು ಬಂದ್ರೂ ತಪ್ಪು, ಇರಬೇಕಾದ್ದು ಬರದಿದ್ರೂ ತಪ್ಪು. ತಪ್ಪು ಕಂಡ್ರೆ ಸುಮ್ಮನಿರಬೇಡ. ಎಷ್ಟನೇ ಸಾಲು, ಎಷ್ಟನೇದು ಅಂತ ಕೂಗಿ ಹೇಳು. ಇಡೀದನ್ನೇ ತಳ್ಳಿಹಾಕು. ಇದೇ ನನ್ನ ಲೈಬ್ರರಿ ಮಾಡೋ ಕೆಲಸ. ತಿಳೀತಾ?"

"ತಿಳೀತು ಮಾವ" ಅಂದ. ಕೋತಿ ಕೂಡ ತಲೆಯಾಡಿಸಿದ ಹಾಗಿತ್ತು.

ಅಂತೂ ಪುಸ್ತಕ ಸಂಘದೋರು ಬರೋ ದಿನ ಬಂತು. ಅಧ್ಯಕ್ಷರು ಚನ್ನಬಸಪ್ಪನೋರು, ಜೊತೆಗೆ ಇಪ್ಪತ್ತು ಮೂವತ್ತು ಜನ ಸದಸ್ಯರು. ಊಟದ ಏರ್ಪಾಡು ಶಿವನಂಜಮ್ಮಂದೇ. ಇವತ್ತು ನೆಟ್ಟಗೆ ಕಳೆದರೆ ಮಗನ ಕೆಲಸ ಗಟ್ಟಿ ಅಂತ ಅವಳು ಕೋಳಿ ಕೂಗೋಕೆ ಮುಂಚೆ ಎದ್ದು, ಒಬ್ಬಟ್ಟಿನ ಹೂರಣ ರುಬ್ಬುತ್ತಾ, ಕಂಡ ಕಂಡ ದೇವರಿಗೆಲ್ಲಾ ಹರಕೆ ಹೊತ್ತಳು.

ರೇವಣ್ಣ ಅಧ್ಯಕ್ಷರ ಪುಸ್ತಕವನ್ನೇ ತನ್ನ ಪ್ರೋಗ್ರಾಮಿಗೆ ಕೊಟ್ಟು ತೋರಿಸಿದ. ಅದು ಓದಿತು, ಹೇಳಿತು: ಇಷ್ಟನೇ ಸಾಲಲ್ಲಿ ಪದ್ಯ ಶುರುವಾಗಿದೆ, ಮುಗಿದಿಲ್ಲ. ಇಡೀ ಪುಸ್ತಕ ತಿರಸ್ಕಾರ.

ಅಧ್ಯಕ್ಷರ ಮುಖ ಸಣ್ಣಗಾಯ್ತು. "ಏನ್ರೀ ಇದು, ಒಂದು ಗುರುತು ಬಿಟ್ಟದ್ದಕ್ಕೆ ಇಡೀ ಪುಸ್ತಕಾನೇ?"

"ಹೌದು ಸ್ವಾಮಿ. ಅದು ಮುಖ ನೋಡಿ ಮಣೆ ಹಾಕಲ್ಲ" ಅಂದ ರೇವಣ್ಣ, ಎದೆ ಉಬ್ಬಿಸಿ.

"ಹೂಂ, ಊಟ ಆದ ಮೇಲೆ ಯೋಚನೆ ಮಾಡೋಣ" ಅಂದರು ಅವರು. ಆ ಹೂಂ ಅಷ್ಟೇನೂ ಚೆನ್ನಾಗಿರಲಿಲ್ಲ.

ಎಲೆ ಹಾಕಿದರು. ಶಿವನಂಜಮ್ಮ ಮಗನ ಗದ್ದ ಹಿಡಿದು, "ನೀನು ಬಡಿಸಬ್ಯಾಡ, ಮುಚ್ಚಳ ಮುಟ್ಟಬ್ಯಾಡ. ಮಾವ ಹೇಳ್ಕೊಟ್ಟಂಗೆ ಎಲೆ ಮೇಲೆ ಎಲ್ಲಾ ಕ್ರಮವಾಗಿ ಬಿದ್ದೈತಾ ಅಂತ ಕಣ್ಣಲ್ಲಿ ನೋಡ್ತಾ ಇರು, ಸಾಕು" ಅಂದಳು. ಪಾಪ, ಅವಳಿಗೇನು ಗೊತ್ತು.

ಉಪ್ಪು ಬಂತು. "ನಂಗೆ ಬೇಡಮ್ಮ, ಬಿ.ಪಿ. ಇದೆ" ಅಂದರು ಅಧ್ಯಕ್ಷರು. ಉಪ್ಪಿನಕಾಯಿ ಬಂತು, ಕೋಸಂಬರಿ ಬಂತು, ಪಲ್ಯ ಬಂತು, ಒಬ್ಬಟ್ಟು ಬಂತು, ಅನ್ನ ತೊವ್ವೆ ತುಪ್ಪ ಬಂತು. ಎಲ್ಲರೂ ಕಲಸಿ ಮೊದಲ ತುತ್ತು ಎತ್ತಿದರು. ಆಗ ಎದ್ದಿತು ನೋಡಿ ಒಂದು ಕೂಗು:

"ಒಂದನೇ ಸಾಲು, ಮೂರನೇ ಎಲೆ! ಉಪ್ಪಿಲ್ಲ! ಇಡೀ ಪಂಕ್ತಿ ತಿರಸ್ಕಾರ! ಏಳಿ ಎಲ್ಲಾರೂ!"

ಕೂಗಿ ಸುಮ್ಮನಿದ್ದನಾ? ಆ ಕಡೆಯಿಂದ ಈ ಕಡೆಗೆ ಒಬ್ಬೊಬ್ಬರ ಎಲೆಯನ್ನೂ ಮಡಿಚಿಕೊಂಡೇ ಬಂದ. ಅನ್ನ ಒಳಗೆ, ತುಪ್ಪ ಒಳಗೆ, ಬಿಸಿಬಿಸಿ ಒಬ್ಬಟ್ಟೂ ಒಳಗೆ. ಜನ ಎತ್ತಿದ ತುತ್ತು ಕೈಯಲ್ಲೇ ಹಿಡ್ಕೊಂಡು ಎದ್ದು ನಿಂತರು. ಕೂತವರನ್ನು ಎಲೆಯಿಂದ ಎಬ್ಬಿಸೋದು ಅಂದರೇನು! ಶತ್ರುವಿಗೂ ಯಾರೂ ಹಾಗೆ ಮಾಡಲ್ಲ. ಶಿವನಂಜಮ್ಮ ಕಂಬ ಹಿಡಿದುಕೊಂಡಳು. ಹೋಯ್ತು, ಮಗನ ಕೆಲಸ ಹೋಯ್ತು, ನನ್ನ ಕೈಯ ಹೆಸರೂ ಹೋಯ್ತು, ಭೂಮಿ ಬಾಯಿಬಿಟ್ಟರೆ ಒಳಗೆ ಇಳಿದುಬಿಡ್ತೀನಿ ಅಂದ್ಕೊಂಡಳು.

ಅಧ್ಯಕ್ಷರು ಮರಿಸ್ವಾಮೀನ ನೋಡಿದರು. ರೇವಣ್ಣನ ನೋಡಿದರು. ಕೈಯಲ್ಲಿದ್ದ ತುತ್ತು ನೋಡಿದರು. ನಗೋಕೆ ಶುರು ಮಾಡಿದೋರು ಹೊಟ್ಟೆ ಹಿಡ್ಕೊಂಡು ನಕ್ಕರು.

"ರೇವಣ್ಣನೋರೇ, ಬೆಳಗ್ಗೆ ನಿಮ್ಮದು ನನ್ನ ಪುಸ್ತಕಕ್ಕೆ ಮಾಡಿದ್ದೂ ಇದನ್ನೇ ಅಲ್ವೇನ್ರೀ! ಮುಖ ನೋಡಿ ಮಣೆ ಹಾಕಲ್ಲ ಅಂದ್ರೆ ಏನು ಅಂತ ಈಗ ತಿಳೀತು ಬಿಡಿ ನನಗೆ. ತಗೋತೀವಿ ನಿಮ್ಮ ಸಾಮಾನನ್ನ. ಇವನನ್ನೂ ಬಿಡಬೇಡಿ. ಮೊದಲು ಬೇರೆ ಎಲೆ ಹಾಕಿಸ್ರೀ, ಹಸಿವು!"

ಬೇರೆ ಎಲೆ ಬಂತು. ಸಂಜೆ ರೇವಣ್ಣ ಅಕ್ಕನ ಹತ್ತಿರ ಬಂದು, "ನಾಳೆ ಬೆಳಗ್ಗೆ ಕಳಿಸಕ್ಕ, ಕಾಯಂ" ಅಂದ. ಶಿವನಂಜಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಬೆಳಗ್ಗೆ ಮಗನ ತಲೆಗೆ ಎಣ್ಣೆ ಹಾಕಿ ಬಾಚಿದಳು. "ನೋಡು ಮಗಾ, ನಾನು ಹೇಳಿದ್ದೆಲ್ಲಾ ಮರೆತುಬಿಡು. ಖಾಲಿ ಆಗೋದು, ಕೈಕಟ್ಟೋದು, ಏನೂ ಬ್ಯಾಡ. ಮಾವ ಮೊದಲನೇ ದಿನ ಏನು ಹೇಳ್ಕೊಟ್ರೋ ಅದೊಂದೇ ನೆನಪಿಟ್ಕೋ."

"ಆಗ್ಲವ್ವ" ಅಂತ ಹೋದ. ಹೋದೋನು ಒಂದು ಒಬ್ಬಟ್ಟು ತಿನ್ನೋ ಹೊತ್ತಿಗೆ ವಾಪಸ್ಸು ಬಂದ!

"ಯಾಕೋ ಬಂದೆ? ಕೆಲಸಕ್ಕೆ ಸೇರಲಿಲ್ವೇನೋ?"

"ಸೇರಿದೆ ಅವ್ವ. ಸೇರಿದ್ದಾಯ್ತು, ಬಿಟ್ಟಿದ್ದೂ ಆಯ್ತು. ಬಾಗಿಲು ತೆಗೆದಿದ್ದೆ, ಮುಚ್ಚಿ ಬೀಗ ಒತ್ತಿ ಬಂದೆ. ಮುಚ್ಚಿದ ಮೇಲೆ ಮುಗೀತಲ್ಲ."

"ಮಾವ ಎಲ್ಲೋ?"

"ಒಳಗವ್ರೆ. ಒಳಗಿನದು ಒಳಗೇ ಇರಬೇಕಲ್ಲವ್ವ."

"ಬೀಗದ ಕೈ?"

"ಅದೂ ಒಳಗಿಂದೇ ಅಲ್ವಾ? ಕಿಟಕಿಯಿಂದ ಹಾಕಿದೆ."

ಶಿವನಂಜಮ್ಮ ಬರಿಗಾಲಲ್ಲಿ ಓಡಿದಳು. ಹೋಗಿ ನೋಡ್ತಾಳೆ, ರೇವಣ್ಣ ಬೀಗದ ಕೈ ಹಿಡ್ಕೊಂಡು ಕಿಟಕಿ ಸರಳಿನ ಹಿಂದೆ ನಿಂತಿದ್ದಾನೆ. ಬೀಗ ಆಚೆ, ಅವನು ಒಳಗೆ. "ಅಕ್ಕಾ, ತೆಗಿಯೇ! ಇವನ ಸಹವಾಸವೇ ಬೇಡ ನಂಗೆ!"

ಅವಳು ಬೀಗದ ಕೈ ಇಸ್ಕೊಂಡಳು. ಇಸ್ಕೊಂಡೋಳು ಬೀಗಕ್ಕೆ ಹಾಕದೆ ಮುಷ್ಟೀಲೇ ಹಿಡ್ಕೊಂಡಳು. ಇಷ್ಟು ವರ್ಷದ ಸುಸ್ತೆಲ್ಲಾ ಒಂದೇ ಸಲ ಗಟ್ಟಿ ದನಿಯಾಗಿ ಬಂತು: "ರೇವಾ, ನನ್ನ ಮಗನ ಕೆಲಸ ಐತೋ, ಹೋಯ್ತೋ? ಐತೆ ಅಂದ್ರೆ ತೆಗೀತೀನಿ."

"ಅಕ್ಕಾ!"

"ಐತೋ, ಹೋಯ್ತೋ?"

"ಇದೆ, ಮಾರಾಯ್ತಿ, ಇದೆ! ನಾನು ಇರೋವರೆಗೂ ಇದೆ! ತೆಗಿ!"

ಶಿವನಂಜಮ್ಮ ಬೀಗ ತೆಗೆದು ಚಿಲಕಕ್ಕೇ ತೂಗುಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡಳು. ಬಾಗಿಲು ತಳ್ಳಿ ಒಳಗೆ ಓಡಿ ತಮ್ಮನ ಕೈ ಎರಡೂ ಹಿಡ್ಕೊಂಡಳು. ಮಗನಿಗೊಂದು ನೆಲೆ ಆಯ್ತು ಅಂತ ಜೀವ ಹಗುರಾಯ್ತು.

ಅವಳ ಹಿಂದೇ ಓಡಿಬಂದು ನಿಂತಿದ್ದ ಮರಿಸ್ವಾಮಿ ನೋಡಿದ. ಬಾಗಿಲು ತೆರೆದೇ ಇದೆ. ಅವ್ವ ಒಳಗೆ, ಮಾವ ಒಳಗೆ, ಬೀಗದ ಕೈಯೂ ಒಳಗೆ. "ಅಯ್ಯೋ ಅವ್ವ, ತೆರೆದದ್ದನ್ನು ಮುಚ್ಚಬೇಕಲ್ವಾ!" ಅಂದ. ಎಳೆದ, ಮುಚ್ಚಿದ, ಬೀಗ ಒತ್ತಿದ.

ಆ ಬೀದೀಲಿ ನೀವು ಯಾವಾಗಲಾದರೂ ಹೋದರೆ ಕಿಟಕಿಯಿಂದ ಬೀಗದ ಕೈ ಇಸ್ಕೊಂಡು ಬಾಗಿಲು ತೆಗೆದುಬಿಡಿ, ಪುಣ್ಯ ಬರುತ್ತೆ. ಒಳಗೆ ಮಾತ್ರ ಕಾಲಿಡಬೇಡಿ. ಅವನು ಹೊರಗೆ ಜಗಲಿ ಮೇಲೇ ಕೂತಿದ್ದಾನೆ.