ಅಳಿವೆಯ ಗೆರೆ

ಶಿಷ್ಯನೊಬ್ಬ ಗುರುವಿನ ಬಳಿಗೆ ಬಂದು ಕೇಳಿದ: "ಗುರುಗಳೇ, ಬೇರೆ ಬೇರೆ ಜನ ಒಂದೇ ಊರಲ್ಲಿ ಬಾಳಬೇಕಾದರೆ ಅವರ ನಡುವಿನ ಗೆರೆಯನ್ನು ಅಳಿಸಬೇಕೇ, ಗಟ್ಟಿ ಮಾಡಬೇಕೇ?"

ಅವನ ಹೆಗಲ ಮೇಲೆ ಸುತ್ತಿದ ಹಗ್ಗವಿತ್ತು. ಹಗ್ಗದಲ್ಲಿ ಮೊಳಕ್ಕೊಂದು ಗಂಟಿತ್ತು. ಗುರು ಅದನ್ನು ನೋಡಿ, "ಇದೇನು?" ಎಂದರು.

"ಅಳತೆಯ ಹಗ್ಗ. ಹೊಳೆಯಾಚೆಯ ಊರಿನಲ್ಲಿ ಎರಡು ಕೇರಿಗಳಿಗೆ ಜಗಳ. ನಡುವಿನ ಬಯಲು ಯಾರಿಗೆ ಎಷ್ಟು ಎಂಬುದು ತೀರ್ಮಾನವಾಗಿಲ್ಲ. ಎರಡು ಕಡೆಗೂ ಸೇರದವನೊಬ್ಬ ಬರಲಿ ಎಂದು ನನ್ನನ್ನು ಕರೆದಿದ್ದಾರೆ. ನಾಳೆ ನಾನು ಹಾಕಿದ್ದೇ ಗೆರೆ."

"ನಿನ್ನ ಅಳತೆ ಸರಿಯಾಗಿರುತ್ತದೆಯೇ?"

"ಕೂದಲೆಳೆಯಷ್ಟೂ ತಪ್ಪುವುದಿಲ್ಲ."

ಗುರು, "ಕುಳಿತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ನದಿ ಸಮುದ್ರ ಸೇರುವ ಅಳಿವೆಯಲ್ಲಿ ಒಂದು ಬಂದರು ಇತ್ತು. ಮೊದಲು ಅಲ್ಲಿ ಇದ್ದದ್ದು ದೋಣಿಯವರ ಒಂದೇ ಕೇರಿ. ಹಡಗುಗಳು ಹೆಚ್ಚು ಬರತೊಡಗಿದ ಮೇಲೆ ಮೂಟೆ ಹೊರಲು ಘಟ್ಟದ ಮೇಲಿನಿಂದ ಹಮಾಲರು ಬಂದರು. ಇಬ್ಬರ ಮಾತು ಬೇರೆ, ಊಟ ಬೇರೆ, ದೇವರು ಬೇರೆ. ಒಬ್ಬರ ಬಾವಿಯ ಹತ್ತಿರ ಇನ್ನೊಬ್ಬರು ಹೋಗುತ್ತಿರಲಿಲ್ಲ.

ಆದರೆ ಕೆಲಸ ಒಂದೇ ಆಗಿತ್ತು. ಹಡಗು ಹೊರಗೆ ಆಳವಿದ್ದಲ್ಲಿ ಲಂಗರು ಹಾಕುತ್ತಿತ್ತು. ದೋಣಿಯವರು ಹಮಾಲರನ್ನು ಕೂರಿಸಿಕೊಂಡು ಹಡಗಿಗೆ ಹೋಗಬೇಕು. ಹಮಾಲರು ಮೂಟೆ ಇಳಿಸಬೇಕು. ನೀರು ಇಳಿದಾಗ ಅಳಿವೆಯ ಬಾಯಲ್ಲಿ ಮರಳ ದಿಬ್ಬ ಎದ್ದು ನಿಲ್ಲುತ್ತಿತ್ತು. ಆಗ ದೋಣಿ ಹೊರಗೆ ಹೋಗುವಂತಿಲ್ಲ. ನೀರು ಏರುವವರೆಗೆ ಇಬ್ಬರೂ ಆ ದಿಬ್ಬದ ಮೇಲೆ ಕಾಯಬೇಕು.

ಬಂದರಿನ ಜಗಳಗಳೆಲ್ಲ ಹುಟ್ಟುತ್ತಿದ್ದದ್ದು ಈ ಕಾಯುವ ಹೊತ್ತಿನಲ್ಲಿ.

ಒಂದು ದಿನ ಕೆಲವು ಹಮಾಲರು ಬೇಸರ ಕಳೆಯಲು ತಮ್ಮ ತಮ್ಮಲ್ಲೇ ಕಬಡ್ಡಿ ಆಡತೊಡಗಿದರು. ದೋಣಿಯವನೊಬ್ಬ ನೋಡಿ ನಕ್ಕ.

"ಬೆನ್ನ ಮೇಲೆ ಮೂಟೆ ಇಲ್ಲದಿದ್ದರೆ ನಿಮಗೆ ನೆಟ್ಟಗೆ ನಿಲ್ಲುವುದಕ್ಕೂ ಬರುವುದಿಲ್ಲವಲ್ಲ ಮಾರಾಯ್ರೇ."

ಒಬ್ಬ ಹಮಾಲ ಅಂದ: "ದೋಣಿಯಲ್ಲಿ ಕೂತು ಕೂತು ನಿಮಗೆ ಕಾಲು ಇರುವುದೇ ಮರೆತುಹೋಗಿದೆ. ಬನ್ನಿ, ನೆನಪು ಮಾಡಿಕೊಡುತ್ತೇವೆ."

ದೋಣಿಯವರು ಎದ್ದು ಬಂದರು. ಆದರೆ ಆಟ ಶುರುವಾಗಲಿಲ್ಲ. ನಡುವಿನ ಗೆರೆಯನ್ನು ದೋಣಿಯವರು ಎಳೆದರೆ, ಗಟ್ಟಿ ಮರಳೆಲ್ಲ ನಿಮ್ಮ ಕಡೆಗೇ ಬಂತು ಎಂದು ಹಮಾಲರು ಅಳಿಸಿದರು. ಹಮಾಲರು ಎಳೆದರೆ ದೋಣಿಯವರು ಅಳಿಸಿದರು. ಅಷ್ಟರಲ್ಲಿ ನೀರು ಏರಿತು. ಮರುದಿನವೂ ಹಾಗೇ ಆಯಿತು.

ಮೂರನೆಯ ದಿನ, ಮೊದಲು ನಕ್ಕಿದ್ದ ಆ ದೋಣಿಯವನೇ, ತನಗೆ ಎದುರುತ್ತರ ಕೊಟ್ಟಿದ್ದ ಹಮಾಲನಿಗೆ ಒಂದು ಉಪಾಯ ಹೇಳಿದ. "ನಾನು ಈ ತುದಿಯಿಂದ ಬರುತ್ತೇನೆ. ನೀನು ಆ ತುದಿಯಿಂದ ಬಾ. ಹಿಮ್ಮಡಿಯಿಂದ ಗೆರೆ ಎಳೆಯುತ್ತ ಹಿಂದಕ್ಕೆ ಹಿಂದಕ್ಕೆ ನಡೆಯೋಣ. ತಿರುಗಿ ನೋಡಬಾರದು. ಬೆನ್ನಿಗೆ ಬೆನ್ನು ತಾಗಿದರೆ ಗೆರೆ ಸರಿ."

ಇಬ್ಬರೂ ಹಾಗೆ ನಡೆದರು. ಬೆನ್ನು ತಾಗಲಿಲ್ಲ. ಒಬ್ಬರನ್ನೊಬ್ಬರು ದಾಟಿ ಹೋಗಿಬಿಟ್ಟರು. ಎರಡೂ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೆ ಎಳೆದರು. ಆಗಲೂ ಎರಡು ಗೆರೆಗಳ ನಡುವೆ ಒಂದು ಗೇಣು ಉಳಿಯಿತು. ಇಬ್ಬರೂ ಅಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಇಷ್ಟು ನೀನು ಬಾ, ಇಷ್ಟು ನಾನು ಬರುತ್ತೇನೆ ಎಂದು ಕೈಯಿಂದ ಗೆರೆ ಕೂಡಿಸಿದರು. ಆ ದಿನ ಆಟ ನಡೆಯಿತು. ಯಾರು ಗೆದ್ದರೆಂದು ಆಮೇಲೆ ಯಾರಿಗೂ ನೆನಪಿರಲಿಲ್ಲ.

ಸಂಜೆ ನೀರು ಬಂದು ಗೆರೆಯನ್ನು ಅಳಿಸಿತು. ಮರುದಿನ ಮತ್ತೆ ಎಳೆಯಬೇಕಾಯಿತು.

ಇನ್ನೊಂದು ಕಟ್ಟಳೆಯೂ ತಾನಾಗಿ ಬಂತು. ದೋಣಿಯವರು ಆಟದಲ್ಲಿ ಉಸಿರು ಬಿಗಿಹಿಡಿದು ಕೂಗುತ್ತಿದ್ದದ್ದು ಹುಟ್ಟು ಹಾಕುವಾಗಿನ ಕೂಗನ್ನು. ಹಮಾಲರು ಕೂಗುತ್ತಿದ್ದದ್ದು ಮೂಟೆ ಎತ್ತುವಾಗಿನ ಕೂಗನ್ನು. ಕೇಳಿ ಗೊತ್ತಿಲ್ಲದ ಕೂಗಾದರೆ ಅದು ಎಲ್ಲಿ ಕಡಿಯಿತೆಂದು ತಿಳಿಯುವುದಿಲ್ಲ. ಅದಕ್ಕೆ, ಯಾರ ಅಂಗಳಕ್ಕೆ ಹೋಗುತ್ತಾರೋ ಅವರ ಕೂಗನ್ನೇ ಕೂಗಬೇಕು ಎಂದಾಯಿತು. ಮೊದಮೊದಲು ಒಬ್ಬರ ಬಾಯಲ್ಲಿ ಇನ್ನೊಬ್ಬರ ಕೂಗು ಮುರಿದು ಬೀಳುತ್ತಿತ್ತು. ವರ್ಷ ಕಳೆಯುವುದರೊಳಗೆ ಸರಿಯಾಯಿತು.

ಹೀಗೆ ಹದಿನೈದು ವರ್ಷ ನಡೆಯಿತು. ಬಂದರು ಬೆಳೆಯಿತು. ದ್ವೀಪಗಳಿಂದ ಕೊಬ್ಬರಿಯವರು ಬಂದರು, ಬಡಗು ದಿಕ್ಕಿನಿಂದ ಬಡಗಿಗಳು ಬಂದರು. ಬಂದವರನ್ನೆಲ್ಲ ಬಂದರಿನವರು ಮೊದಲು ಕೇಳುತ್ತಿದ್ದದ್ದು, ಗೆರೆ ಎಳೆಯಲು ನಿಮ್ಮವರು ಯಾರು ಎಂದು. ಜನ ಒಂದಾಗಲಿಲ್ಲ. ಅವರವರ ಊಟ, ಅವರವರ ದೇವರು ಹಾಗೇ ಇದ್ದವು. ಆದರೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಾಯಿತು. ಯಾರ ಮೈಯಲ್ಲಿ ಎಲ್ಲಿ ನೋವಿದೆ ಎಂಬುದೂ ಗೊತ್ತಾಯಿತು. ಒಬ್ಬ ಹಮಾಲ ಹಲಗೆಯಿಂದ ಜಾರಿ ಎಡ ಮಂಡಿಗೆ ಪೆಟ್ಟು ಮಾಡಿಕೊಂಡಿದ್ದ. ಅವನು ಆಟಕ್ಕೆ ಬಂದರೆ ಎದುರಾಳಿಗಳು ಬಲಗಾಲನ್ನು ಮಾತ್ರ ಹಿಡಿಯುತ್ತಿದ್ದರು. ಹಾಗೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಆ ಊರಿನಲ್ಲಿ ಒಬ್ಬ ವರ್ತಕನಿದ್ದ. ಒಳ್ಳೆಯವನು. ಆಟದಿಂದ ಊರು ಶಾಂತವಾಗಿದೆ ಎಂಬುದನ್ನು ಅವನು ಕಂಡುಕೊಂಡಿದ್ದ. ಆದರೆ ಅವನಿಗೆ ಒಂದು ಕೊರಗಿತ್ತು. ದಿನಾ ಅರ್ಧ ಹೊತ್ತು ಗೆರೆ ಎಳೆಯುವುದರಲ್ಲೇ ಕಳೆಯುತ್ತದೆ, ಉಳಿದರ್ಧವನ್ನು ಸಮುದ್ರ ತಿನ್ನುತ್ತದೆ. ಇಷ್ಟು ಒಳ್ಳೆಯ ಆಟಕ್ಕೆ ಒಂದು ಒಳ್ಳೆಯ ಜಾಗ ಬೇಡವೇ?

ಅವನು ದೋಣಿ ಕಟ್ಟುವ ಧಕ್ಕೆಯ ಹಿಂದೆ ಒಂದು ಅಂಗಳ ಮಾಡಿಸಿದ. ಸುತ್ತ ಕೆಂಪುಕಲ್ಲಿನ ಗೋಡೆ. ನೂಕುನುಗ್ಗಲು ಆಗದಿರಲೆಂದು ಒಂದೊಂದು ಕೇರಿಗೆ ಒಂದೊಂದು ಬಾಗಿಲು. ನಡುವೆ ಕರಿಕಲ್ಲು ಹೂಳಿಸಿ ಗೆರೆ. ಪರ ಊರಿನಿಂದ ಸೀಟಿ ಊದುವ ಒಬ್ಬ ತೀರ್ಪುಗಾರ. ಎಲ್ಲರೂ 'ಕಬಡ್ಡಿ' ಎಂದೇ ಕೂಗಬೇಕೆಂದು ಆ ತೀರ್ಪುಗಾರ ನಿಯಮ ಮಾಡಿದ.

ಎಲ್ಲರಿಗೂ ಸಂತೋಷವಾಯಿತು. ಅಳಿವೆಯ ದಿಬ್ಬಕ್ಕೆ ಹೋಗುವುದನ್ನು ಬಿಟ್ಟರು. ನೀರು ಇಳಿದ ಹೊತ್ತಿನಲ್ಲಿ ದೋಣಿಯವರು ದೋಣಿಯಲ್ಲೇ ಮಲಗಿದರು. ಹಮಾಲರು ಧಕ್ಕೆಯ ನೆರಳಲ್ಲಿ ಕುಳಿತರು. ರಜೆಯ ದಿನ ತಮ್ಮ ತಮ್ಮ ಬಾಗಿಲಿನಿಂದ ಒಳಗೆ ಬಂದು ಆಡಿ, ತಮ್ಮ ತಮ್ಮ ಬಾಗಿಲಿನಿಂದ ಹೊರಗೆ ಹೋದರು. ಸೋತವರು ತೀರ್ಪುಗಾರನನ್ನು ಬೈದರು. ಹಿಂದೆ ಜಗಳವಾದರೆ ನೀರು ಬಂದು ನಿಲ್ಲಿಸುತ್ತಿತ್ತು. ಈಗ ಜಗಳಕ್ಕೆ ಬೇಕಾದಷ್ಟು ಹೊತ್ತಿತ್ತು.

ಹೀಗೆ ಐದು ವರ್ಷ ಕಳೆಯಿತು. ಒಂದು ದಿನ, ಮಂಡಿಗೆ ಪೆಟ್ಟಾಗಿದ್ದ ಆ ಹಮಾಲ ಆಡಲು ಇಳಿದ. ದೋಣಿಯವರ ಕಡೆ ಹೊಸ ಹುರುಪಿನ ಯುವಕನೊಬ್ಬ ಅವನ ಎಡಗಾಲನ್ನು ಹಿಡಿದು ಎಳೆದ. ಮಂಡಿ ಮುರಿಯಿತು. ತೀರ್ಪುಗಾರ ಸೀಟಿ ಊದಿ, "ನಿಯಮದ ಪ್ರಕಾರ ತಪ್ಪಿಲ್ಲ" ಎಂದ. ಅವನು ಹೇಳಿದ್ದು ಸರಿಯೇ ಆಗಿತ್ತು.

ಮರುದಿನದಿಂದ ಹಮಾಲರು ದೋಣಿ ಹತ್ತಲಿಲ್ಲ. ಹತ್ತಿರಿ ಎಂದು ದೋಣಿಯವರೂ ಕರೆಯಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಅಕ್ಕಿಯ ಹಡಗು ಬಂದು ಹೊರಗೆ ನಿಂತಿತು. ಮಳೆಗೆ ಹನ್ನೆರಡು ದಿನ ಉಳಿದಿತ್ತು. ಮಳೆ ಹಿಡಿದರೆ ಮೂರು ತಿಂಗಳು ಅಳಿವೆ ದಾಟುವಂತಿಲ್ಲ. ಊರಿಗೆ ಮಳೆಗಾಲದ ಅನ್ನ ಆ ಹಡಗಿನಲ್ಲಿತ್ತು.

ವರ್ತಕ ಹಮಾಲರ ಕೇರಿಗೆ ಹೋಗಿ ಕೈಮುಗಿದ. ದೋಣಿಯವರ ಕೇರಿಗೆ ಹೋಗಿ ಕೈಮುಗಿದ. ಎರಡು ಪಟ್ಟು ಕೂಲಿ ಎಂದ. ಯಾರೂ ಏಳಲಿಲ್ಲ. ಹೀಗೆ ಮೂರು ದಿನ ಹೋಯಿತು. ಕೊನೆಗೆ ಅವನು, ಇಪ್ಪತ್ತು ವರ್ಷದ ಹಿಂದೆ ಮೊದಲ ಗೆರೆ ಎಳೆದಿದ್ದ ದೋಣಿಯವನ ಮನೆಗೆ ಹೋದ. ಅವನೀಗ ಮುದುಕನಾಗಿದ್ದ. ಅಂಗಳದಲ್ಲಿ ಕುಳಿತು ಬಲೆ ಹೆಣೆಯುತ್ತಿದ್ದ.

"ಅಜ್ಜಾ, ನಾನು ಮಾಡಿದ್ದರಲ್ಲಿ ಏನು ತಪ್ಪು? ಗೆರೆ ಸೊಟ್ಟಗಿದೆಯೇ?"

"ಇಲ್ಲ ಧಣಿ, ನೆಟ್ಟಗಿದೆ. ನಮ್ಮ ಗೆರೆ ಒಂದು ದಿನವೂ ಅಷ್ಟು ನೆಟ್ಟಗೆ ಇರಲಿಲ್ಲ."

"ಮತ್ತೆ?"

"ಅದು ನೀವು ಎಳೆದದ್ದು."

ಮುದುಕ ಬಲೆಯನ್ನು ಮಡಿಸಿಟ್ಟು ಎದ್ದ.

ಅಂದು ನೀರು ಇಳಿದಾಗ ಮುದುಕ ಒಬ್ಬನೇ ದಿಬ್ಬಕ್ಕೆ ಹೋದ. ತನ್ನ ತುದಿಯಲ್ಲಿ ನಿಂತು, ಹಿಮ್ಮಡಿಯಿಂದ ಗೆರೆ ಎಳೆಯುತ್ತ ಹಿಂದಕ್ಕೆ ನಡೆದ. ನಡುವಿನವರೆಗೆ ಬಂದು ನಿಂತ. ಬೆನ್ನಿಗೆ ಯಾರೂ ತಾಗಲಿಲ್ಲ. ನೀರು ಬಂದು ಗೆರೆ ಅಳಿಸಿದ ಮೇಲೆ ಮನೆಗೆ ಹೋದ.

ಮರುದಿನವೂ ಹೋದ. ದೋಣಿಯವರು, "ಅಜ್ಜನಿಗೆ ಬುದ್ಧಿ ಭ್ರಮಣೆ" ಎಂದರು. ಹಮಾಲರು ಧಕ್ಕೆಯ ಮೇಲಿನಿಂದ ನೋಡುತ್ತಿದ್ದರು.

ಮೂರನೆಯ ದಿನ ಮುದುಕ ತನ್ನ ಮೊಮ್ಮಗನ ಕೈಯಲ್ಲಿ ಹುಟ್ಟು ಹಾಕಿಸಿಕೊಂಡು ದೋಣಿಯಲ್ಲಿ ಬಂದ. ಮೊಮ್ಮಗ ದೋಣಿಯಲ್ಲೇ ಕುಳಿತ. ಮುದುಕ ಗೆರೆ ಎಳೆಯತೊಡಗಿದ.

ಧಕ್ಕೆಯ ಮೇಲೆ ಹಮಾಲರ ಮೇಸ್ತ್ರಿ ಇದ್ದ. ಇಪ್ಪತ್ತು ವರ್ಷದ ಹಿಂದೆ ಎದುರಿನ ತುದಿಯಿಂದ ಗೆರೆ ಎಳೆದಿದ್ದವನು ಅವನೇ. ಮಂಡಿ ಮುರಿದುಕೊಂಡು ಮಲಗಿದವನು ಅವನ ತಮ್ಮ. ಮೇಸ್ತ್ರಿ ಬಹಳ ಹೊತ್ತು ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ, ಸೊಂಟದವರೆಗಿನ ನೀರಿನಲ್ಲಿ ನಡೆದು ದಿಬ್ಬಕ್ಕೆ ಬಂದ. ಇನ್ನೊಂದು ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತ.

ಬೆನ್ನು ತಾಗಲಿಲ್ಲ. ಇಬ್ಬರೂ ಎರಡು ಮೊಳ ಅಂತರದಲ್ಲಿ ಒಬ್ಬರನ್ನೊಬ್ಬರು ದಾಟಿ ಹೋದರು.

ಮೇಸ್ತ್ರಿ ತಿರುಗಿ ನೋಡಿ ಅಂದ: "ಅಜ್ಜಾ, ನಿಮ್ಮ ಗೆರೆ ಸಮುದ್ರಕ್ಕೆ ಹೋಗಿದೆ."

"ನಿನ್ನದು ಘಟ್ಟ ಹತ್ತುತ್ತಾ ಇದೆ. ಊರು ನೆನಪಾಯಿತೇನೋ?"

ಮೇಸ್ತ್ರಿಗೆ ನಗು ಬಂತು. ನಕ್ಕದ್ದಕ್ಕೆ ಸಿಟ್ಟೂ ಬಂತು. "ನಗುವುದಕ್ಕೆ ಬಂದವನಲ್ಲ ನಾನು. ನನ್ನ ತಮ್ಮ ಇನ್ನು ಆರು ತಿಂಗಳು ಮೂಟೆ ಹೊರುವ ಹಾಗಿಲ್ಲ. ಅವನ ಪಾಲಿನ ಮೂಟೆ ಯಾರು ಹೊರುತ್ತಾರೆ, ಹೇಳಿ."

ಮುದುಕ ದೋಣಿಯ ಕಡೆ ಕೈ ತೋರಿಸಿದ. "ಅವನು. ಕಾಲು ಎಳೆದವನು ಅವನೇ, ನನ್ನ ಮೊಮ್ಮಗ. ಅವನು ಈ ದಿಬ್ಬದಲ್ಲಿ ಒಂದು ದಿನವೂ ಆಡಿದವನಲ್ಲ. ನಿನ್ನ ತಮ್ಮನ ಮಂಡಿಯ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಾಗಿದೆ. ನಾಚಿಕೆಯಿಂದ ದೋಣಿ ಇಳಿಯುತ್ತಿಲ್ಲ."

ಮೇಸ್ತ್ರಿ ಆ ಯುವಕನನ್ನು ನೋಡಿದ. "ದೋಣಿಯವನು ಮೂಟೆ ಹೊರುತ್ತಾನೆಯೇ? ಎರಡು ಹೆಜ್ಜೆಗೆ ಬೀಳುತ್ತಾನೆ."

"ಬೀಳಲಿ. ನೀವೆಲ್ಲ ಮೊದಲ ಸಲ ನನ್ನ ದೋಣಿ ಹತ್ತಿದಾಗ ಎಷ್ಟು ಸಲ ವಾಂತಿ ಮಾಡಿದ್ದಿರಿ, ಲೆಕ್ಕ ಉಂಟೇ?"

ಮೇಸ್ತ್ರಿ ದೋಣಿಯ ಹತ್ತಿರ ಹೋಗಿ ಯುವಕನಿಗೆ, "ಇಳಿಯೋ" ಎಂದ. ಯುವಕ ಇಳಿದ. ಮೇಸ್ತ್ರಿ ತನ್ನ ತಲೆಯ ಸಿಂಬೆಯನ್ನು ತೆಗೆದು ಅವನ ಕೈಗೆ ಕೊಟ್ಟ. ಆಮೇಲೆ ಹಿಂದಿರುಗಿ ಬಂದು, ಮುದುಕನ ಎದುರು ಕುಕ್ಕರುಗಾಲಲ್ಲಿ ಕುಳಿತು, ಗೆರೆಯ ಎರಡು ತುದಿಗಳನ್ನು ಅವನೊಡನೆ ಕೂಡಿಸಿದ. ಅಂದು ಆಡಲು ಹೊತ್ತು ಉಳಿದಿರಲಿಲ್ಲ. ನೀರು ಏರತೊಡಗಿತ್ತು. ನೀರು ಏರಿದರೆ ದೋಣಿ ಹೊರಡಬಹುದಾಗಿತ್ತು. ಮೇಸ್ತ್ರಿ ಧಕ್ಕೆಯ ಕಡೆ ತಿರುಗಿ ತನ್ನವರನ್ನು ಕೂಗಿ ಕರೆದ.

ಆರು ದಿನ ಅಕ್ಕಿ ಇಳಿಸಿದರು. ಮೊಮ್ಮಗ ಎರಡು ಸಲ ಬಿದ್ದ, ಮೂರನೆಯ ಸಲ ಬೀಳಲಿಲ್ಲ. ಮಳೆ ಒಂದು ದಿನ ಮೊದಲೇ ಬಂತು. ಕೊನೆಯ ನಾಲ್ಕು ದೋಣಿಗಳ ಅಕ್ಕಿ ನೆನೆಯಿತು. ಊರಿನವರು ಆ ಮಳೆಗಾಲದಲ್ಲಿ ಅಷ್ಟಿಷ್ಟು ಮುಗ್ಗಲು ಅನ್ನ ಉಂಡರು. ಯಾರೂ ಹಸಿದಿರಲಿಲ್ಲ.

ಮಳೆ ಕಳೆದ ಮೇಲೆ ಆಟ ದಿಬ್ಬಕ್ಕೆ ಮರಳಿತು. ವರ್ತಕನೂ ಆಗಾಗ ಹೋಗಿ ನೋಡುತ್ತಿದ್ದ. ಅವನ ಅಂಗಳದಲ್ಲಿ ಈಗ ಮೀನು ಒಣಗಿಸುತ್ತಾರೆ. ಕರಿಕಲ್ಲಿನ ಗೆರೆ ಇನ್ನೂ ನೆಟ್ಟಗಿದೆ.

ಗುರು ಕತೆ ನಿಲ್ಲಿಸಿದರು.

ಶಿಷ್ಯ, "ತಿಳಿಯಿತು ಗುರುಗಳೇ" ಎಂದ. "ನಾಳೆ ನಾನು ಕಲ್ಲು ಹೂಳಿಸುವುದಿಲ್ಲ. ಹಗ್ಗ ಹಿಡಿದು ಮಣ್ಣಿನಲ್ಲೇ ಗೆರೆ ಹಾಕಿ ಬರುತ್ತೇನೆ." ಅವನು ಎದ್ದು, ಹಗ್ಗವನ್ನು ಹೆಗಲಿಗೆ ಏರಿಸಿಕೊಂಡು, ಗುರುವಿಗೆ ನಮಸ್ಕರಿಸಿದ.

ಗುರು ಅಂದರು: "ಹಗ್ಗವನ್ನು ಇಲ್ಲೇ ಬಿಟ್ಟು ಹೋಗು."