ಕಾಗೆ ಮೇಷ್ಟ್ರು ಕೊಟ್ಟ ಶಿಫಾರಸು

ನಮ್ಮ ಗೀಜಗ ಮನೆತನ ಮುತ್ತಜ್ಜಿಯ ಕಾಲದಿಂದಲೂ ಈ ಬಾವಿಯ ಮೇಲೆ ಗೂಡು ಹೆಣೆದು ಮರ್ಯಾದೆಯಿಂದ ಬಾಳಿಕೊಂಡು ಬಂದಿದೆ. ದರ್ಜಿ ಹಕ್ಕಿ ನಡೆಸುವ ಉನ್ನತ ಹೆಣಿಗೆ ಶಾಲೆಗೆ ನನ್ನ ಮಗ ಸೇರಲು ಗುರುಗಳ ಶಿಫಾರಸು ಪತ್ರ ಬೇಕಾಯಿತು. ನಾನು ಮಗ ಓದಿದ ಶಾಲೆಯ ಪ್ರಾಂಶುಪಾಲರಾದ ನವಿಲನ್ನು ಕೇಳಿದೆ.

"ನೀವೇ ಬರೆದು ತನ್ನಿ ಅಮ್ಮಾ, ಸಹಿ ಹಾಕುತ್ತೇನೆ. ಎಲ್ಲರಿಗೂ ಹಾಗೇ ಮಾಡುವುದು," ಎಂದರು.

"ನಮ್ಮನ್ನು ನಾವೇ ಹೊಗಳಿಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ," ಎಂದು ಹೇಳಿ, ಮಗನಿಗೆ ಪಾಠ ಮಾಡಿದ ಕಾಗೆ ಮೇಷ್ಟ್ರ ಬಳಿ ಹೋದೆ.

"ಬರೆಯೋಣ ತಾಯಿ, ಬೆಣ್ಣೆ ಮಾತ್ರ ಹಚ್ಚುವುದಿಲ್ಲ," ಎಂದ ಮೇಷ್ಟ್ರು ಪತ್ರವನ್ನು ನನಗೆ ತೋರಿಸದೆ ನೇರವಾಗಿ ಶಾಲೆಗೆ ಕಳಿಸಿದರು.

ಸಂದರ್ಶನದಲ್ಲಿ ದರ್ಜಿ ಹಕ್ಕಿ ಅದನ್ನು ಎಲ್ಲರೆದುರು ಓದಿತು: "ಇವನ ಮೊದಲ ಗೂಡು ಗಾಳಿಗೆ ಕಿತ್ತು ಬಾವಿಗೆ ಬಿತ್ತು. ನಾವೆಲ್ಲ ನಕ್ಕೆವು. ಇವನು ಅಳುತ್ತಲೇ ಗಂಟಿನ ಬಗೆ ಬದಲಿಸಿ ಮತ್ತೆ ಹೆಣೆದ. ಅದು ಇನ್ನೂ ತೂಗುತ್ತಿದೆ."

ನಾನು ರೆಕ್ಕೆಯಿಂದ ಮುಖ ಮುಚ್ಚಿಕೊಂಡೆ.

"ನವಿಲು ಸಹಿ ಮಾಡಿದ ಪತ್ರಗಳಲ್ಲಿ ಎಲ್ಲರೂ ಅದ್ವಿತೀಯರೇ," ಎಂದಿತು ದರ್ಜಿ ಹಕ್ಕಿ. "ಕೆಲಸವನ್ನು ಕಣ್ಣಾರೆ ಕಂಡವರು ಬರೆದದ್ದು ಇದೊಂದೇ. ನಾಳೆಯಿಂದ ಬಾರಪ್ಪ."

ಸೀಟು ಸಿಕ್ಕಿತು, ನನ್ನ ಜೀವಕ್ಕೆ ನೆಮ್ಮದಿಯಾಯಿತು. ಆದರೂ ನಮ್ಮ ಮನೆತನದ ಗೂಡು ಬಿದ್ದ ಸಂಗತಿಯನ್ನು ಬರೆದು ಕಳಿಸಿದ್ದಕ್ಕೆ ಕಾಗೆ ಮೇಷ್ಟ್ರು ನನ್ನ ಕ್ಷಮೆ ಕೇಳತಕ್ಕದ್ದು.