ಉಡಪ್ಪ ವಕೀಲರು ಕೇಳಿದ ಅಗಲದ ಹಕ್ಕು

ಕಪ್ಪೆಹೊಂಡದ ದಂಡೆಯಲ್ಲಿ ಒಂದು ಈಚಲು ಮರ, ಅದರಾಚೆ ಒಂದು ಹಳೇ ಹುತ್ತ. ಮರದಲ್ಲಿ ಗೀಜಗ, ಹುತ್ತದಲ್ಲಿ ಉಡಪ್ಪ ವಕೀಲರು. ಮಕ್ಕಳೇ, ನಾನು ಬಂಡೆಯ ಮೇಲೆ ಕಡಲೇಕಾಯಿ ತಿನ್ನುತ್ತಾ ಎಲ್ಲವನ್ನೂ ಕಣ್ಣಾರೆ ಕಂಡವನು. ನಂಬದಿದ್ದರೆ ಆ ಬಂಡೆಯನ್ನೇ ಕೇಳಿ.

ಆ ಕಾಡಿನಲ್ಲೊಂದು ಕಟ್ಟಳೆ. ಹೊಸ ತಂತ್ರ ಕಂಡುಹಿಡಿದವರು ಅದನ್ನು ಆಲದ ಕೆಳಗೆ ಆನೆಯಮ್ಮನ ಮುಂದೆ ಹೇಳಬೇಕು. ನಿಜಕ್ಕೂ ಹೊಸದಾಗಿದ್ದರೆ ಹಕ್ಕು ಅವರದು. ಬೇರೆಯವರು ಕೇಳದೆ ಮಾಡುವಂತಿಲ್ಲ. ಇಂಥ ಜಗಳಗಳಿಗೆಲ್ಲ ಉಡಪ್ಪನವರೇ ವಕೀಲರು. ಮೊದಮೊದಲು ಒಳ್ಳೆಯವರೇ. ಮರಕುಟಿಗನ ತಂತ್ರ ಕದ್ದ ಗಿಳಿಯ ಬೆವರಿಳಿಸಿದ್ದು ಅವರೇ. ಆಮೇಲೆ ಗೆಲುವಿನ ರುಚಿ ಹತ್ತಿತು. ಯಾರ ಪರವಾದರೂ ಸರಿ, ಹಿಡಿದ ಪಟ್ಟು ಬಿಡದಿದ್ದರೆ ಸಾಕು ಎಂದಾಯಿತು.

ಒಂದು ದಿನ ಕಾಗೆ ಬಂತು. ಗೀಜಗನ ತೂಗುಗೂಡು ತನ್ನದೇ ಉಪಾಯ ಎಂದು ಹಕ್ಕು ಬೇಕಂತೆ.

"ಬರೀ ತೂಗುಗೂಡೇ? ಕೇಳುವುದಾದರೆ ಅಗಲವಾಗಿ ಕೇಳಬೇಕಯ್ಯ," ಎಂದರು ಉಡಪ್ಪ.

ಆನೆಯಮ್ಮನ ಮುಂದೆ ಹೋಗಿ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಮನೆ ಹುಲ್ಲಿನದಿರಲಿ, ಮಣ್ಣಿನದಿರಲಿ, ಎಲ್ಲವೂ ಕಾಗೆಯ ಹಕ್ಕು, ನಿನ್ನೆಯವರೆಗೆ ಲೋಕದಲ್ಲಿ ಅಂಥದ್ದು ಇರಲೇ ಇಲ್ಲ ಎಂದು ವಾದಿಸಿದರು. ಗೀಜಗ ಓಡಿ ಬಂದು, ತನ್ನಜ್ಜನೂ ಹೀಗೇ ನೇಯುತ್ತಿದ್ದ ಎಂದ.

"ಅಜ್ಜನ ಗೂಡೆಲ್ಲಿ? ತೋರಿಸಿ," ಎಂದರು ಉಡಪ್ಪ.

ಅದು ಎಂದೋ ಗಾಳಿಗೆ ಹಾರಿಹೋಗಿತ್ತು. ಸಂಜೆಯೊಳಗೆ ಗೂಡು ಬಿಚ್ಚಬೇಕೆಂದು ತೀರ್ಪಾಯಿತು.

ಗೀಜಗನ ಹೆಂಡತಿ ಗೂಡಿನಲ್ಲಿ ಮೊಟ್ಟೆಯಿಟ್ಟು ಕೂತಿದ್ದಳು. ಪಡುವಣದಲ್ಲಿ ಮೋಡ ಕಟ್ಟಿತ್ತು. ಗೀಜಗನಿಗೆ ಮೈಯೆಲ್ಲ ಉರಿಯಿತು. ಒಂದೊಂದು ಎಳೆಯನ್ನೂ ಸೀಳಿ ತಂದವನು ಅವನು. ಕಾಗೆ ತಂದದ್ದು ಬರೀ ಬಾಯಿ.

"ಬಿಚ್ಚುತ್ತೇನೆ," ಎಂದು ಕಿರುಚಿದ. "ಅದಕ್ಕೆ ಮೊದಲು ಇವರನ್ನು ಹುತ್ತದಿಂದ ಆಚೆಗೆ ಹಾಕಿ. ಅದರ ಬಾಯೇನು ಕೆರೆಯಷ್ಟಗಲವೇ? ನನ್ನ ಮಕ್ಕಳು ನೆನೆಯುವುದಾದರೆ ಇವರ ಬಾಲವೂ ನೆನೆಯಲಿ."

ಸಿಟ್ಟಿನಲ್ಲಿ ಆಡಿದ ಮಾತು ಅದು. ಕಾಗೆಯ ಕಿವಿ ಮಾತ್ರ ನೆಟ್ಟಗಾಯಿತು. ಕಾಗೆಗೆ ಕಿವಿ ಎಲ್ಲಿದೆ ಎಂದು ಕೇಳಬೇಡಿ, ನಾನು ನೋಡಿದ್ದೇನೆ.

"ಹೌದಲ್ಲ ವಕೀಲರೇ," ಎಂದಿತು ಕಾಗೆ, "ನಿಮ್ಮ ಹುತ್ತವೂ ನನ್ನ ಹಕ್ಕಿನೊಳಗೇ ಬಂತು. ಇವತ್ತೇ ಖಾಲಿ ಮಾಡಿ."

"ಲೇ ಅಡ್ನಾಡಿ, ನಿನಗೆ ಹಕ್ಕು ಕೊಡಿಸಿದವನು ನಾನು."

"ಕೊಡಿಸಿದ್ದೀರಲ್ಲ, ಅದಕ್ಕೇ ಕೇಳುತ್ತಿದ್ದೇನೆ."

ಉಡಪ್ಪನವರಿಗೆ ಕೋಪ ನೆತ್ತಿಗೇರಿತು. ಆನೆಯಮ್ಮನತ್ತ ತಿರುಗಿ ಗುಡುಗಿದರು: "ತಾಯಿ, ಈ ಹುತ್ತ ಇವನಪ್ಪ ಹುಟ್ಟುವ ಮೊದಲೇ ಇತ್ತು. ಕಟ್ಟಿದ್ದು ಗೆದ್ದಲು. ಬಾಯಿ ಕಿರಿದು, ಹೊಟ್ಟೆ ಅಗಲ. ಇದರಲ್ಲಿ ಹೊಸದೇನಿದೆ?"

ಆನೆಯಮ್ಮ ಸೊಂಡಿಲು ಕೆಳಗಿಳಿಸಿದಳು.

"ನಿನ್ನೆಯವರೆಗೆ ಇರಲೇ ಇಲ್ಲ ಎಂದವರು ನೀವೇ ಅಲ್ಲವೇ ಉಡಪ್ಪನವರೇ? ಹೊಸದಲ್ಲ ಎಂದಮೇಲೆ ಹಕ್ಕೂ ಇಲ್ಲ. ಗೀಜಗ, ಗೂಡು ಬಿಚ್ಚಬೇಡಪ್ಪ. ವಕೀಲರೇ, ನೀವೂ ಈ ಕಾಗೆಯೂ ಇನ್ನು ಈ ಆಲದ ನೆರಳಿಗೆ ಬರಕೂಡದು."

ಕಾಗೆ ವಕೀಲರ ತಲೆ ಕುಕ್ಕಿ ಹಾರಿತು. ಉಡಪ್ಪ ಹುತ್ತಕ್ಕೆ ಮರಳಿದರೆ ಬಾಯಲ್ಲೇ ಗೆದ್ದಲ ಹಿಂಡು.

"ಕಟ್ಟಿದವರು ನಾವು ಅಂತ ನೀವೇ ಸಾಕ್ಷಿ ಹೇಳಿದಿರಂತೆ. ಬಹಳ ಉಪಕಾರವಾಯಿತು. ಇನ್ನು ಹೊರಡಿ."

ಅಷ್ಟರಲ್ಲಿ ಮಳೆ ಬಂತು. ಉಡಪ್ಪ ಮುಳ್ಳುಪೊದೆಯಡಿ ಬಾಲದವರೆಗೂ ನೆನೆದರು. ಮೇಲೆ ಗೂಡಿನೊಳಗೆ ಮೊಟ್ಟೆಗಳು ಬೆಚ್ಚಗಿದ್ದವು. ಗೀಜಗನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಮಳೆಯಲ್ಲೇ ಕೂತು ಇನ್ನೊಂದು ಎಳೆ ಬಿಗಿಯುತ್ತಿದ್ದ.

ನೀತಿ: ಬೇರೆಯವರ ಮನೆ ನುಂಗಲು ಬಲೆಯನ್ನು ತೀರ ಅಗಲವಾಗಿ ಹೆಣೆದರೆ, ಹೆಣೆದವನ ಮನೆಯೇ ಮೊದಲು ಅದರೊಳಗೆ ಬೀಳುತ್ತದೆ.